ಜಿನ್ಸೆಂಗ್ ಬೇರು ನೆನಪನ್ನು ಚುರುಕುಗೊಳಿಸುತ್ತದೆಯೇ?

ನೆನಪಿನ ಶಕ್ತಿ, ಏಕಾಗ್ರತೆ, ದಣಿಯದ ಮನಸ್ಸು, ಈ ಮೂರನ್ನೂ ಒಂದೇ ಗುಳಿಗೆಯಲ್ಲಿ ಕೊಡುವುದಾಗಿ ಹೇಳಿಕೊಳ್ಳುವ ಪೂರಕಗಳಲ್ಲಿ ಜಿನ್ಸೆಂಗ್ ಬೇರಿನ ಸಾರಕ್ಕೆ ಮುಂಚೂಣಿಯ ಸ್ಥಾನವಿದೆ. ಈ ಖ್ಯಾತಿ ಇಂದಿನ ಜಾಹೀರಾತುಗಳಿಂದ ಹುಟ್ಟಿದ್ದಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸಂಕಲನಗೊಂಡಿತೆಂದು ನಂಬಲಾದ ಚೀನಾದ ಔಷಧ ಗ್ರಂಥ ‘ಶೆನ್ನಾಂಗ್ ಬೆನ್‌ಸಾವೊ ಜಿಂಗ್’ನಲ್ಲಿಯೇ ಈ ಬೇರು ಮನಸ್ಸನ್ನು ಶಾಂತಗೊಳಿಸುತ್ತದೆ, ಬುದ್ಧಿಯನ್ನು ಹೆಚ್ಚಿಸುತ್ತದೆ ಎಂಬ ಮಾತಿದೆ. ಅಷ್ಟು ದೀರ್ಘಕಾಲ ಜನ ನಂಬಿ ಬಳಸಿದ ವಸ್ತುವನ್ನು ಪರೀಕ್ಷಿಸದೆ ತಳ್ಳಿಹಾಕಲಾಗದು. ಆದರೆ ಬಳಕೆ ಹಳೆಯದೆಂಬ ಕಾರಣಕ್ಕೇ ಪರಿಣಾಮ ನಿಜವೆಂದು ಒಪ್ಪಲೂ ಆಗದು. ಕಳೆದ ಕೆಲವು ದಶಕಗಳಲ್ಲಿ ಮನುಷ್ಯರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಓದಿದರೆ, ಜಿನ್ಸೆಂಗ್ ನೆನಪನ್ನು ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಗೆ ಅದು ಕೇಳಲ್ಪಟ್ಟ ರೂಪದಲ್ಲಿ ಉತ್ತರವಿಲ್ಲ ಎಂಬುದು ತಿಳಿಯುತ್ತದೆ. ಯಾವ ಗಿಡದ ಬೇರು, ಅದನ್ನು ಹೇಗೆ ಸಂಸ್ಕರಿಸಲಾಗಿದೆ, ಎಷ್ಟು ಪ್ರಮಾಣದಲ್ಲಿ, ಯಾರಿಗೆ ಕೊಡಲಾಗಿದೆ, ಅಳೆದದ್ದು ಯಾವ ಬಗೆಯ ನೆನಪನ್ನು ಎಂಬುದನ್ನು ಒಂದೊಂದಾಗಿ ಬಿಡಿಸಿಕೊಂಡಾಗಲೇ ವಿಷಯ ಸ್ಪಷ್ಟವಾಗುವುದು. ಹಾಗೆ ಬಿಡಿಸಿಕೊಂಡ ಮೇಲೆ ಕೈಯಲ್ಲಿ ಉಳಿಯುವ ಲಾಭ ಜಾಹೀರಾತು ಹೇಳುವುದಕ್ಕಿಂತ ಬಹಳ ಚಿಕ್ಕದು.

ಮೊದಲು ಗಿಡದ ವಿಚಾರ. ಹೆಚ್ಚಿನ ಸಂಶೋಧನೆ ನಡೆದಿರುವುದು ಕೊರಿಯಾ, ಈಶಾನ್ಯ ಚೀನಾ ಮತ್ತು ರಷ್ಯಾದ ಪೂರ್ವ ತುದಿಯ ತಂಪು ಕಾಡುಗಳ ನೆರಳಿನಲ್ಲಿ ಬೆಳೆಯುವ ‘ಪ್ಯಾನಾಕ್ಸ್ ಜಿನ್ಸೆಂಗ್’ ಎಂಬ ಪ್ರಭೇದದ ಮೇಲೆ. ಇದರ ಹತ್ತಿರದ ಬಂಧು ಉತ್ತರ ಅಮೆರಿಕದ ‘ಪ್ಯಾನಾಕ್ಸ್ ಕ್ವಿಂಕ್ವಿಫೋಲಿಯಸ್’. ಈ ಎರಡನೆಯ ಗಿಡ ಹೊರಜಗತ್ತಿಗೆ ಪರಿಚಯವಾದ ಬಗೆ ಕುತೂಹಲಕರವಾಗಿದೆ. ಚೀನಾದಲ್ಲಿದ್ದ ಪಿಯರ್ ಜಾರ್ತೂ ಎಂಬ ಜೆಸ್ಯೂಟ್ ಪಾದ್ರಿ 1711ರಲ್ಲಿ ಜಿನ್ಸೆಂಗ್ ಗಿಡವನ್ನು ವಿವರವಾಗಿ ವರ್ಣಿಸಿ ಪತ್ರ ಬರೆದರು. ಅಂಥದೇ ಹವಾಮಾನವಿರುವ ಕೆನಡಾದಲ್ಲಿಯೂ ಇದು ಸಿಗಬಹುದೆಂದು ಅದರಲ್ಲಿ ಊಹಿಸಿದ್ದರು. ಆ ವರ್ಣನೆಯನ್ನು ಓದಿದ ಜೋಸೆಫ್ ಫ್ರಾನ್ಸ್ವಾ ಲಾಫಿತೊ ಎಂಬ ಮತ್ತೊಬ್ಬ ಪಾದ್ರಿ 1716ರಲ್ಲಿ ಮಾಂಟ್ರಿಯಲ್ ಬಳಿ ಹುಡುಕಿ ಅಮೆರಿಕದ ಪ್ರಭೇದವನ್ನು ಗುರುತಿಸಿದರು. ಸ್ವಲ್ಪ ಕಾಲದಲ್ಲೇ ಅಲ್ಲಿನ ಬೇರು ಹಡಗೇರಿ ಚೀನಾಕ್ಕೆ ಹೋಗತೊಡಗಿತು.

ಈ ಎರಡೂ ಒಂದೇ ಕುಲಕ್ಕೆ ಸೇರಿದವು. ಆದರೆ ‘ಸೈಬೀರಿಯಾದ ಜಿನ್ಸೆಂಗ್’ ಎಂದು ಮಾರಾಟವಾಗುವ ಎಲ್ಯುಥೆರೊಕಾಕಸ್ ಬೇರೆ ಕುಲದ್ದು. ಸೋವಿಯತ್ ಒಕ್ಕೂಟದ ವಿಜ್ಞಾನಿಗಳು ಪ್ರಚಾರಕ್ಕೆ ತಂದ ಈ ಗಿಡದಲ್ಲಿ ಜಿನ್ಸೆಂಗ್‌ನ ಮುಖ್ಯ ರಾಸಾಯನಿಕಗಳು ಇಲ್ಲವೇ ಇಲ್ಲ. ಅಮೆರಿಕದಲ್ಲಿ 2002ರ ಕಾನೂನೊಂದು ಪ್ಯಾನಾಕ್ಸ್ ಕುಲದ ಗಿಡಗಳಿಗೆ ಮಾತ್ರ ಜಿನ್ಸೆಂಗ್ ಎಂಬ ಹೆಸರನ್ನು ಬಳಸಬೇಕೆಂದು ವಿಧಿಸಿತು. ‘ಭಾರತದ ಜಿನ್ಸೆಂಗ್’ ಎಂದು ಕರೆಸಿಕೊಳ್ಳುವ ಅಶ್ವಗಂಧವಂತೂ ಬದನೆ, ಟೊಮೆಟೊಗಳ ಕುಟುಂಬಕ್ಕೆ ಸೇರಿದ ಗಿಡ. ಅಶ್ವಗಂಧಕ್ಕೆ ಅದರದೇ ಆದ ಗುಣಗಳಿರಬಹುದು, ಅದರ ಮೇಲೆ ಬೇರೆಯೇ ಪ್ರಯೋಗಗಳು ನಡೆದಿವೆ. ಆದರೆ ಒಂದು ಗಿಡದ ಮೇಲೆ ನಡೆದ ಪ್ರಯೋಗದ ಫಲವನ್ನು ಇನ್ನೊಂದರ ಡಬ್ಬಿಯ ಮೇಲೆ ಅಚ್ಚು ಹಾಕಲು ಯಾರಿಗೂ ಅಧಿಕಾರವಿಲ್ಲ.

ಗಿಡ ಒಂದೇ ಆದರೂ ಬೇರು ಒಂದೇ ಬಗೆಯದ್ದಾಗಿರುವುದಿಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷ ಬೆಳೆದ ಬೇರನ್ನು ಅಗೆದು ತೆಗೆಯುತ್ತಾರೆ. ಅದನ್ನು ಹಾಗೆಯೇ ಒಣಗಿಸಿದರೆ ಬಿಳಿ ಜಿನ್ಸೆಂಗ್. ಹಬೆಯಲ್ಲಿ ಬೇಯಿಸಿ ಒಣಗಿಸಿದರೆ ಕೆಂಪು ಜಿನ್ಸೆಂಗ್. ಈ ವ್ಯತ್ಯಾಸ ಬಣ್ಣಕ್ಕೆ ಸೀಮಿತವಾದದ್ದಲ್ಲ. ಬೇರಿನ ಮುಖ್ಯ ಸಕ್ರಿಯ ವಸ್ತುಗಳೆಂದು ಪರಿಗಣಿಸಲಾದ ಜಿನ್ಸೆನೋಸೈಡ್‌ಗಳು ಸ್ಯಾಪೊನಿನ್ ವರ್ಗಕ್ಕೆ ಸೇರಿದ ಅಣುಗಳು. ಇವುಗಳ ರಚನೆಯನ್ನು 1960ರ ದಶಕದಿಂದ ಬಿಡಿಸಿಟ್ಟವರಲ್ಲಿ ಜಪಾನಿನ ಶೋಜಿ ಶಿಬಾಟಾ ಮತ್ತು ಅವರ ಸಂಗಡಿಗರು ಪ್ರಮುಖರು. ಇಂದು ನೂರಕ್ಕೂ ಹೆಚ್ಚು ಜಿನ್ಸೆನೋಸೈಡ್‌ಗಳು ಗೊತ್ತಿವೆ. ಅವನ್ನು ಆರ್‌ಬಿ1, ಆರ್‌ಜಿ1, ಆರ್‌ಇ ಎಂಬಂಥ ಸಂಕೇತಗಳಿಂದ ಗುರುತಿಸುತ್ತಾರೆ. ಹಬೆಯ ಕಾವಿಗೆ ಕೆಲವು ಅಣುಗಳಿಂದ ಸಕ್ಕರೆಯ ತುಣುಕುಗಳು ಕಳಚಿ, ಹಸಿ ಬೇರಿನಲ್ಲಿ ಅತ್ಯಲ್ಪವಾಗಿರುವ ಆರ್‌ಜಿ3ಯಂಥ ಹೊಸ ಅಣುಗಳು ರೂಪುಗೊಳ್ಳುತ್ತವೆ. ಪ್ರಾಣಿಗಳ ಮೇಲಿನ ಅಧ್ಯಯನಗಳಲ್ಲಿ ಆರ್‌ಬಿ1 ನರಮಂಡಲವನ್ನು ಶಾಂತಗೊಳಿಸುವ ಕಡೆಗೂ ಆರ್‌ಜಿ1 ಉತ್ತೇಜಿಸುವ ಕಡೆಗೂ ಒಲಿದಿರುವುದು ಕಂಡುಬಂದಿದೆ. ಅಮೆರಿಕದ ಜಿನ್ಸೆಂಗ್‌ನಲ್ಲಿ ಆರ್‌ಬಿ1ರ ಪಾಲು ಹೆಚ್ಚು. ಪ್ರಭೇದ, ಬೇರಿನ ವಯಸ್ಸು, ಸಂಸ್ಕರಣೆ ಬದಲಾದಂತೆ ಈ ಮಿಶ್ರಣವೂ ಬದಲಾಗುವುದರಿಂದ ಜಿನ್ಸೆಂಗ್ ಎಂಬುದನ್ನು ನಿಶ್ಚಿತ ಘಟಕವುಳ್ಳ ಒಂದು ಔಷಧವೆಂದು ಭಾವಿಸುವುದೇ ತಪ್ಪು.

ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದೂ ಇಲ್ಲ. ಜಿನ್ಸೆನೋಸೈಡ್‌ಗಳು ದೊಡ್ಡ ಅಣುಗಳಾದ್ದರಿಂದ ಕರುಳಿನ ಗೋಡೆಯನ್ನು ದಾಟುವ ಪಾಲು ಬಹಳ ಕಡಿಮೆ. ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಆರ್‌ಬಿ1ರಂಥ ಅಣುಗಳಿಂದ ಸಕ್ಕರೆಯ ಭಾಗಗಳನ್ನು ಒಂದೊಂದಾಗಿ ಕತ್ತರಿಸಿ ‘ಕಾಂಪೌಂಡ್ ಕೆ’ ಎಂಬ ಚಿಕ್ಕ ಅಣುವನ್ನು ಉಳಿಸುತ್ತವೆ. ರಕ್ತದಲ್ಲಿ ಪತ್ತೆಯಾಗುವುದು ಬಹುಮಟ್ಟಿಗೆ ಇಂಥ ಅಣುಗಳೇ. ಈ ಕತ್ತರಿಸುವ ಸಾಮರ್ಥ್ಯ ಪ್ರತಿಯೊಬ್ಬರ ಕರುಳಿನ ಬ್ಯಾಕ್ಟೀರಿಯಾ ಸಮುದಾಯವನ್ನು ಅವಲಂಬಿಸಿರುತ್ತದೆ. ಆದ್ದರಿಂದ ಒಂದೇ ಗುಳಿಗೆಯನ್ನು ಒಂದೇ ಹೊತ್ತಿಗೆ ನುಂಗಿದ ಇಬ್ಬರ ರಕ್ತದಲ್ಲಿ ಅದರ ಅಂಶ ಬಹಳ ಭಿನ್ನವಾಗಿರಬಹುದು. ಒಬ್ಬರಿಗೆ ಲಾಭವಾಯಿತೆಂಬ ಮಾತು ಇನ್ನೊಬ್ಬರಿಗೆ ಅನ್ವಯಿಸದಿರಲು ಇದೂ ಒಂದು ಕಾರಣವಾಗಬಲ್ಲದು. ಪ್ರಯೋಗಾಲಯದ ತಟ್ಟೆಯಲ್ಲಿ ನರಕೋಶಗಳ ಮೇಲೆ ನೇರವಾಗಿ ಜಿನ್ಸೆನೋಸೈಡ್ ಸುರಿದು ಪಡೆದ ಫಲಿತಾಂಶಗಳನ್ನು ಓದುವಾಗ ಈ ಸಂಗತಿಯನ್ನು ಮರೆಯಬಾರದು, ಏಕೆಂದರೆ ಅಲ್ಲಿ ಬಳಸುವ ಸಾಂದ್ರತೆ ಮನುಷ್ಯನ ಮಿದುಳನ್ನು ಎಂದಾದರೂ ತಲುಪುತ್ತದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ. ನೆನಪಿಗೆ ಅಗತ್ಯವಾದ ಅಸಿಟೈಲ್‌ಕೋಲಿನ್ ಎಂಬ ನರವಾಹಕದ ಚಟುವಟಿಕೆ ಹೆಚ್ಚುವುದು, ರಕ್ತನಾಳಗಳು ಸಡಿಲಗೊಳ್ಳುವುದು, ಉರಿಯೂತ ತಗ್ಗುವುದು, ಇವೆಲ್ಲ ಇಲಿಗಳಲ್ಲಿ ಅಥವಾ ಕೋಶಗಳಲ್ಲಿ ಕಂಡ ಪರಿಣಾಮಗಳು. ಹೀಗೆ ಕೆಲಸ ಮಾಡಬಹುದೆಂದು ಅವು ಸೂಚಿಸುತ್ತವೆ. ಕೆಲಸ ಮಾಡುತ್ತದೆಯೆಂದು ತೋರಿಸಬೇಕಾದದ್ದು ಮನುಷ್ಯರ ಮೇಲಿನ ಪ್ರಯೋಗ.

ಅಂಥ ಪ್ರಯೋಗಗಳಲ್ಲಿ ಹೆಚ್ಚು ಉಲ್ಲೇಖಗೊಳ್ಳುವವು ಇಂಗ್ಲೆಂಡಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕೆನಡಿ, ಆಂಡ್ರ್ಯೂ ಶೋಲಿ ಮತ್ತು ಅವರ ಸಹೋದ್ಯೋಗಿಗಳು ನಡೆಸಿದವು. ಅವರು ಬಳಸಿದ್ದು ಜಿ115 ಎಂಬ ಸಾರ. ಅದರಲ್ಲಿ ಜಿನ್ಸೆನೋಸೈಡ್‌ಗಳ ಪ್ರಮಾಣವನ್ನು ಶೇ 4ಕ್ಕೆ ಸ್ಥಿರಗೊಳಿಸಲಾಗಿರುತ್ತದೆ. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರೋಗ್ಯವಂತ 20 ಯುವಜನರಿಗೆ ಬೇರೆ ಬೇರೆ ದಿನಗಳಲ್ಲಿ 200, 400, 600 ಮಿಲಿಗ್ರಾಂ ಸಾರವನ್ನೂ ಔಷಧವಿಲ್ಲದ ಹುಸಿ ಗುಳಿಗೆಯನ್ನೂ ಕೊಟ್ಟು, ಮುಂದಿನ ಆರು ಗಂಟೆಗಳ ಅವಧಿಯಲ್ಲಿ ಹಲವು ಬಾರಿ ಕಂಪ್ಯೂಟರ್ ಪರೀಕ್ಷೆಗಳಿಗೆ ಒಳಪಡಿಸಲಾಯಿತು. 400 ಮಿಲಿಗ್ರಾಂ ತೆಗೆದುಕೊಂಡ ದಿನ ನೆನಪಿನ ನಿಖರತೆ ಮೇಲಾಗಿತ್ತು. ಜಾಹೀರಾತುಗಳಲ್ಲಿ ಉಳಿಯುವುದು ಇಷ್ಟೇ ಭಾಗ. ಅದೇ ಅಧ್ಯಯನದಲ್ಲಿ 200 ಮತ್ತು 600 ಮಿಲಿಗ್ರಾಂ ತೆಗೆದುಕೊಂಡ ದಿನಗಳಲ್ಲಿ, ಕೆಲವು ಗಂಟೆಗಳ ನಂತರದ ಪರೀಕ್ಷೆಗಳಲ್ಲಿ, ಗಮನದ ವೇಗ ಕುಗ್ಗಿತ್ತು. ಪ್ರಮಾಣ ಹೆಚ್ಚಿದಷ್ಟೂ ಪರಿಣಾಮ ಹೆಚ್ಚು ಎಂಬ ಸರಳ ನಿಯಮ ಇಲ್ಲಿ ನಡೆಯಲಿಲ್ಲ. ನೆನಪಿಗೆ ಒದಗಿದ್ದು ಏಕಾಗ್ರತೆಗೆ ಒದಗಲಿಲ್ಲ. ಎರಡನ್ನೂ ಒಂದೇ ಗುಳಿಗೆ ಕೊಡುತ್ತದೆಂಬ ಭರವಸೆಗೆ ಇದಕ್ಕಿಂತ ನೇರವಾದ ತೊಡಕು ಇರಲಾರದು.

ಅದೇ ಗುಂಪಿನ 2005ರ ಅಧ್ಯಯನ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಅದರಲ್ಲಿ ಭಾಗವಹಿಸಿದವರು ದೊಡ್ಡ ಸಂಖ್ಯೆಯೊಂದರಿಂದ ಏಳನ್ನು ಕಳೆಯುತ್ತ, ಬಂದ ಉತ್ತರದಿಂದ ಮತ್ತೆ ಏಳನ್ನು ಕಳೆಯುತ್ತ ಹೋಗುವಂಥ ಲೆಕ್ಕಗಳನ್ನು ಒಂದರ ಹಿಂದೆ ಒಂದರಂತೆ, ಮನಸ್ಸು ದಣಿಯುವವರೆಗೂ ಮಾಡಬೇಕಿತ್ತು. 200 ಮಿಲಿಗ್ರಾಂ ಸಾರ ತೆಗೆದುಕೊಂಡಾಗ ಏಳನ್ನು ಕಳೆಯುವ ಲೆಕ್ಕ ಸುಧಾರಿಸಿತು, ಮಾನಸಿಕ ದಣಿವು ಕಡಿಮೆಯೆಂದು ಅವರೇ ಹೇಳಿಕೊಂಡರು, ಜೊತೆಗೆ ರಕ್ತದ ಸಕ್ಕರೆಯ ಮಟ್ಟವೂ ಇಳಿದಿತ್ತು. ದಣಿವನ್ನು ಸ್ವಲ್ಪ ಹೊತ್ತು ಮುಂದೂಡುವುದು ನೆನಪಿನ ಶಕ್ತಿ ಹೆಚ್ಚಿಸುವುದಕ್ಕಿಂತ ಬೇರೆಯ ಕೆಲಸ. ಜಿನ್ಸೆಂಗ್‌ನ ಪರಿಣಾಮವೇನಾದರೂ ಇದ್ದರೆ ಅದು ಇಂಥ ಒತ್ತಡದ ಸಂದರ್ಭದಲ್ಲಿಯೇ ಇರುವ ಸಾಧ್ಯತೆ ಹೆಚ್ಚೆಂದು ನನಗೆ ತೋರುತ್ತದೆ. ಅಮೆರಿಕದ ಜಿನ್ಸೆಂಗ್ ಮೇಲೆ 2010ರಲ್ಲಿ ಪ್ರಕಟವಾದ ಶೋಲಿಯವರ ಅಧ್ಯಯನದಲ್ಲಿ 32 ಯುವಜನರು ಭಾಗವಹಿಸಿದ್ದರು. ಮನಸ್ಸಿನಲ್ಲಿ ಕೆಲವು ಕ್ಷಣ ಹಿಡಿದಿಟ್ಟುಕೊಂಡು ಬಳಸುವ ತಾತ್ಕಾಲಿಕ ನೆನಪು ಕೆಲವು ಗಂಟೆಗಳ ಮಟ್ಟಿಗೆ ಸುಧಾರಿಸಿತೆಂದು ಅದು ವರದಿ ಮಾಡಿತು.

ಈ ಫಲಿತಾಂಶಗಳಿಗೆ ಎಷ್ಟು ಬೆಲೆ ಕೊಡಬೇಕು? ಇಪ್ಪತ್ತು, ಮೂವತ್ತು ಜನರ ಅಧ್ಯಯನದಲ್ಲಿ ಪ್ರತಿಯೊಬ್ಬರಿಂದಲೂ ಹತ್ತಾರು ಅಳತೆಗಳನ್ನು, ಹಲವು ಹೊತ್ತುಗಳಲ್ಲಿ, ಹಲವು ಪ್ರಮಾಣಗಳಿಗೆ ಪಡೆದಾಗ, ಯಾವ ಪರಿಣಾಮವೂ ಇಲ್ಲದಿದ್ದರೂ ಕೆಲವು ಅಳತೆಗಳು ಆಕಸ್ಮಿಕವಾಗಿ ಒಳ್ಳೆಯ ಅಂಕ ತೋರಿಸುತ್ತವೆ. ಸಂಖ್ಯಾಶಾಸ್ತ್ರದಲ್ಲಿ ಸಾಮಾನ್ಯವಾಗಿ ಬಳಸುವ ಮಿತಿಯ ಪ್ರಕಾರ ಇಪ್ಪತ್ತು ಹೋಲಿಕೆಗಳಲ್ಲಿ ಒಂದು ಹೀಗೆ ತಪ್ಪಾಗಿ ಗೆಲ್ಲುವುದು ನಿರೀಕ್ಷಿತವೇ. ಒಂದು ಅಧ್ಯಯನದಲ್ಲಿ ಗೆದ್ದ ಅಳತೆ ಬೇರೊಂದು ತಂಡದ, ಬೇರೊಂದು ಊರಿನ ಅಧ್ಯಯನದಲ್ಲಿಯೂ ಗೆದ್ದರೆ ಆಗ ನಂಬಿಕೆ ಗಟ್ಟಿಯಾಗುತ್ತದೆ. ಜಿನ್ಸೆಂಗ್ ವಿಷಯದಲ್ಲಿ ಹಾಗಾಗಿಲ್ಲ. ಒಂದು ಕಡೆ ನೆನಪಿನ ನಿಖರತೆ, ಇನ್ನೊಂದು ಕಡೆ ಲೆಕ್ಕ, ಮತ್ತೊಂದು ಕಡೆ ಪ್ರತಿಕ್ರಿಯೆಯ ವೇಗ ಎಂಬಂತೆ ಗೆಲ್ಲುವ ಅಳತೆ ಬದಲಾಗುತ್ತಲೇ ಇದೆ. ಸಂಶೋಧನೆಗೆ ಬೇಕಾದ ಸಾರವನ್ನೋ ಹಣವನ್ನೋ ತಯಾರಕ ಕಂಪನಿಗಳೇ ಒದಗಿಸುವುದು ಈ ಕ್ಷೇತ್ರದಲ್ಲಿ ಸಾಮಾನ್ಯ. ಅದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ, ಆದರೆ ಸ್ವತಂತ್ರವಾದ ಮರುಪರೀಕ್ಷೆಯ ಅಗತ್ಯ ಹೆಚ್ಚುತ್ತದೆ.

ವಾರಗಟ್ಟಲೆ ಸೇವಿಸಿದವರ ಚಿತ್ರ ಇನ್ನೂ ಮಸುಕಾಗಿದೆ. ಡೆನ್ಮಾರ್ಕಿನಲ್ಲಿ ನಲವತ್ತು ದಾಟಿದ 112 ಆರೋಗ್ಯವಂತರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 400 ಮಿಲಿಗ್ರಾಂ ಜಿನ್ಸೆಂಗ್ ಸಾರವನ್ನು ಎಂಟು ಒಂಬತ್ತು ವಾರ ಕೊಡಲಾಯಿತು. ಅಮೂರ್ತ ಚಿಂತನೆಯ ಪರೀಕ್ಷೆಯಲ್ಲಿ ಅವರು ಹುಸಿ ಗುಳಿಗೆಯವರಿಗಿಂತ ಮುಂದಿದ್ದರು, ಪ್ರತಿಕ್ರಿಯೆಯ ವೇಗವೂ ತುಸು ಹೆಚ್ಚಿದಂತಿತ್ತು. ಆದರೆ ನೆನಪಿನಲ್ಲಿ, ಏಕಾಗ್ರತೆಯಲ್ಲಿ ವ್ಯತ್ಯಾಸವಾಗಲಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಕಟ್ಟುನಿಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2010ರ ಪರಾಮರ್ಶೆ ತನ್ನ ಮಾನದಂಡಕ್ಕೆ ಹೊಂದುವ ಒಂಬತ್ತು ಪ್ರಯೋಗಗಳನ್ನಷ್ಟೇ ಕಂಡುಕೊಂಡಿತು. ಆರೋಗ್ಯವಂತರಲ್ಲಿ ಪ್ಯಾನಾಕ್ಸ್ ಜಿನ್ಸೆಂಗ್ ಬೌದ್ಧಿಕ ಸಾಮರ್ಥ್ಯವನ್ನು ಹೆಚ್ಚಿಸುತ್ತದೆಂದು ಒಪ್ಪಿಸುವಷ್ಟು ಆಧಾರವಿಲ್ಲ, ಮರೆವಿನ ಕಾಯಿಲೆಯವರಲ್ಲಿ ಉತ್ತಮ ಗುಣಮಟ್ಟದ ಆಧಾರವೇ ಇಲ್ಲ ಎಂಬುದು ಅದರ ತೀರ್ಮಾನವಾಗಿತ್ತು.

ಆಲ್‌ಝೈಮರ್ ಕಾಯಿಲೆಯವರ ಕುಟುಂಬಗಳಿಗೆ ಹೆಚ್ಚು ಆಸೆ ಹುಟ್ಟಿಸುವುದು ದಕ್ಷಿಣ ಕೊರಿಯಾದ ಪ್ರಯೋಗಗಳು. ಅದಕ್ಕಾಗಿಯೇ ಅವುಗಳ ಬಗ್ಗೆ ಎಚ್ಚರದಿಂದ ಹೇಳಬೇಕಾಗಿದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 97 ರೋಗಿಗಳಿದ್ದರು. ಅವರಲ್ಲಿ 58 ಜನರಿಗೆ ದಿನಕ್ಕೆ 4.5 ಗ್ರಾಂ ಜಿನ್ಸೆಂಗ್ ಬೇರಿನ ಪುಡಿಯನ್ನು 12 ವಾರ ಕೊಡಲಾಯಿತು. ಅವರ ಪರೀಕ್ಷಾ ಅಂಕಗಳು ಸುಧಾರಿಸಿದವು, ಪುಡಿ ನಿಲ್ಲಿಸಿದ ಮೇಲೆ ಮತ್ತೆ ಇಳಿದವು. ಇದು ಗಮನಿಸಬೇಕಾದ ಸಂಗತಿಯೇ. ಆದರೆ ಈ ಪ್ರಯೋಗದಲ್ಲಿ ಹುಸಿ ಗುಳಿಗೆ ಇರಲಿಲ್ಲ. ತಾನು ಜಿನ್ಸೆಂಗ್ ಸೇವಿಸುತ್ತಿರುವುದು ರೋಗಿಗೂ ಮನೆಯವರಿಗೂ ಗೊತ್ತಿತ್ತು. ಆ ಬೇರಿನ ಬಗ್ಗೆ ತಲೆಮಾರುಗಳಿಂದ ಗೌರವವಿರುವ ಸಮಾಜದಲ್ಲಿ ಆ ಅರಿವೇ ಉತ್ಸಾಹವನ್ನು, ಆರೈಕೆಯನ್ನು, ಪರೀಕ್ಷೆಯ ದಿನದ ಶ್ರದ್ಧೆಯನ್ನು ಹೆಚ್ಚಿಸಿರಬಹುದು. ಅಲ್ಲಿ ಕೊಟ್ಟದ್ದು ಗ್ರಾಂಗಟ್ಟಲೆ ಬೇರಿನ ಪುಡಿಯನ್ನು ಎಂಬುದನ್ನೂ ಗಮನಿಸಬೇಕು. ಕೆಲವು ನೂರು ಮಿಲಿಗ್ರಾಂ ಸಾರವಿರುವ ಕ್ಯಾಪ್ಸೂಲಿಗೆ ಆ ಫಲಿತಾಂಶವನ್ನು ಹಾಗೆಯೇ ಹೊಂದಿಸಲು ಬರುವುದಿಲ್ಲ. ಆರಂಭದ ಆಸೆ ದೊಡ್ಡ ಪ್ರಯೋಗದಲ್ಲಿ ಹೇಗೆ ಕರಗುತ್ತದೆಂಬುದಕ್ಕೆ ಗಿಂಕ್ಗೊ ಎಲೆಯ ಸಾರ ಉದಾಹರಣೆಯಾಗಿದೆ. ಚಿಕ್ಕ ಅಧ್ಯಯನಗಳು ಅದನ್ನು ಹೊಗಳಿದ್ದವು. ಅಮೆರಿಕದಲ್ಲಿ 75 ದಾಟಿದ 3,069 ಜನರನ್ನು ಸುಮಾರು ಆರು ವರ್ಷ ಅನುಸರಿಸಿ 2008ರಲ್ಲಿ ವರದಿಯಾದ ಪ್ರಯೋಗದಲ್ಲಿ ಅದು ಮರೆವಿನ ಕಾಯಿಲೆಯನ್ನು ತಡೆಯಲಿಲ್ಲ. ಕಾಯಿಲೆಯನ್ನು ತಡೆಯುತ್ತದೆಯೇ ಎಂದು ಜಿನ್ಸೆಂಗ್ ಅನ್ನು ಅಷ್ಟು ದೊಡ್ಡ ಪರೀಕ್ಷೆಗೆ ಯಾರೂ ಒಡ್ಡಿಲ್ಲ.

ಪ್ರಯೋಗದಲ್ಲಿ ಬಳಸಿದ ಸಾರವೇ ಅಂಗಡಿಯ ಡಬ್ಬಿಯಲ್ಲಿಯೂ ಇರುತ್ತದೆಂಬ ಖಾತರಿಯೂ ಇಲ್ಲ. ಅಮೆರಿಕದ ಮಾರುಕಟ್ಟೆಯ 25 ಉತ್ಪನ್ನಗಳನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಗಿಡಗಳ ಗುರುತು ಸರಿಯಾಗಿಯೇ ಇತ್ತು. ಆದರೆ ಜಿನ್ಸೆನೋಸೈಡ್ ಪ್ರಮಾಣ ಕ್ಯಾಪ್ಸೂಲಿನಿಂದ ಕ್ಯಾಪ್ಸೂಲಿಗೆ 15 ಪಟ್ಟು, ದ್ರವರೂಪದ ಉತ್ಪನ್ನಗಳಲ್ಲಿ 36 ಪಟ್ಟು ವ್ಯತ್ಯಾಸವಾಗುತ್ತಿತ್ತು. ಆ ದೇಶದ 1994ರ ಕಾನೂನಿನ ಪ್ರಕಾರ ಪೂರಕಗಳನ್ನು ಮಾರುಕಟ್ಟೆಗೆ ತರುವ ಮೊದಲು, ಔಷಧಗಳಿಗೆ ಮಾಡುವಂತೆ, ಪರಿಣಾಮವನ್ನು ಸಾಬೀತುಪಡಿಸಿ ಅನುಮತಿ ಪಡೆಯಬೇಕಾಗಿಲ್ಲ. ಡಬ್ಬಿಯ ಮೇಲೆ ಪ್ರಭೇದದ ಪೂರ್ಣ ವೈಜ್ಞಾನಿಕ ಹೆಸರು, ಬೇರಿನ ಪುಡಿಯೋ ಸಾರವೋ ಎಂಬ ವಿವರ, ಜಿನ್ಸೆನೋಸೈಡ್‌ಗಳ ಶೇಕಡಾವಾರು, ಸ್ವತಂತ್ರ ಪ್ರಯೋಗಾಲಯದ ತಪಾಸಣೆಯ ಗುರುತು ಇಲ್ಲದಿದ್ದರೆ ಒಳಗಿರುವುದೇನೆಂದು ತಿಳಿಯುವ ದಾರಿಯಿಲ್ಲ. ಶೇ 4ರ ಸಾರದ 400 ಮಿಲಿಗ್ರಾಂನಲ್ಲಿ 16 ಮಿಲಿಗ್ರಾಂ ಜಿನ್ಸೆನೋಸೈಡ್ ಇರುತ್ತದೆ. ಶಕ್ತಿಪಾನೀಯಗಳ ಪಟ್ಟಿಯಲ್ಲಿ ಜಿನ್ಸೆಂಗ್ ಹೆಸರಿದ್ದರೂ ಪ್ರಮಾಣ ಸಾಮಾನ್ಯವಾಗಿ ಪ್ರಯೋಗಗಳಲ್ಲಿ ಬಳಸಿದ್ದಕ್ಕಿಂತ ಬಹಳ ಕಡಿಮೆ. ಅವನ್ನು ಕುಡಿದಾಗ ಮನಸ್ಸು ಚುರುಕಾದಂತೆ ಅನಿಸಿದರೆ ಅದರ ಕೀರ್ತಿ ಕೆಫೀನ್ ಮತ್ತು ಸಕ್ಕರೆಗೆ ಸಲ್ಲಬೇಕು.

ಆರೋಗ್ಯವಂತ ವಯಸ್ಕರು ಕೆಲವು ವಾರ ಸೇವಿಸಿದರೆ ಜಿನ್ಸೆಂಗ್ ಬಹುಮಟ್ಟಿಗೆ ನಿರಪಾಯಕಾರಿ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೊರತಂದ ಔಷಧ ಸಸ್ಯಗಳ ವಿವರಣೆಯಲ್ಲಿ ದಿನಕ್ಕೆ 0.5ರಿಂದ 2 ಗ್ರಾಂ ಒಣ ಬೇರಿನ ಪ್ರಮಾಣವನ್ನು ಸೂಚಿಸಿದೆ. ಜರ್ಮನಿಯ ಔಷಧ ಸಸ್ಯ ಸಮಿತಿ ಮೂರು ತಿಂಗಳವರೆಗಿನ ಬಳಕೆಯನ್ನು ಹೇಳಿತ್ತು. ತಲೆನೋವು, ಹೊಟ್ಟೆಯ ತೊಂದರೆ, ನಿದ್ರಾಹೀನತೆ ಸಾಮಾನ್ಯವಾಗಿ ವರದಿಯಾಗುವ ಅಡ್ಡಪರಿಣಾಮಗಳು. ಇವುಗಳಲ್ಲಿ ನಿದ್ರಾಹೀನತೆ ಈ ಲೇಖನದ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು, ಏಕೆಂದರೆ ಹಗಲು ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. ನೆನಪಿಗಾಗಿ ಸಂಜೆ ನುಂಗಿದ ಗುಳಿಗೆ ರಾತ್ರಿಯ ನಿದ್ರೆಯನ್ನು ಕೆಡಿಸಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ನಿಜವಾದ ಅಪಾಯವಿರುವುದು ಬೇರೆ ಔಷಧಗಳೊಂದಿಗೆ ಸೇರಿದಾಗ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯ ಪರಿಣಾಮವನ್ನು ಅಮೆರಿಕದ ಜಿನ್ಸೆಂಗ್ ಕುಗ್ಗಿಸುತ್ತದೆಂದು 2004ರ ಪ್ರಯೋಗವೊಂದು ತೋರಿಸಿದೆ. ಕೃತಕ ಹೃದಯ ಕವಾಟವಿರುವವರಿಗೆ ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು. ಮಧುಮೇಹದ ಔಷಧ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆಯ ಮಟ್ಟ ಅತಿಯಾಗಿ ಇಳಿಯುವ ಸಾಧ್ಯತೆಯಿದೆ. ಖಿನ್ನತೆಗೆ ಕೊಡುವ ಫಿನೆಲ್ಝಿನ್ ಎಂಬ ಹಳೆಯ ಔಷಧದೊಂದಿಗೆ ಸೇರಿದಾಗ ತಲೆನೋವು, ನಡುಕ, ಮನೋವಿಕಾರ ಕಂಡ ವರದಿಗಳಿವೆ. ಗರ್ಭಿಣಿಯರು ಇದನ್ನು ಸೇವಿಸದಿರುವುದು ಲೇಸು. ಪ್ರಯೋಗಾಲಯದಲ್ಲಿ ಇಲಿಯ ಭ್ರೂಣಗಳ ಮೇಲೆ ಆರ್‌ಬಿ1 ಹಾನಿ ಮಾಡಿದ್ದು ದಾಖಲಾಗಿದೆ. ಶಸ್ತ್ರಚಿಕಿತ್ಸೆಗೆ ಕನಿಷ್ಠ ಏಳು ದಿನ ಮೊದಲೇ ನಿಲ್ಲಿಸಬೇಕೆಂಬ ಸಲಹೆಯೂ ವೈದ್ಯಕೀಯ ಸಾಹಿತ್ಯದಲ್ಲಿದೆ. ಪೂರಕವನ್ನು ಔಷಧವೆಂದು ಎಣಿಸದೆ ವೈದ್ಯರಿಗೆ ಹೇಳದಿರುವವರು ಅನೇಕರು. ಆ ಮೌನದಿಂದಲೇ ಇಂಥ ತೊಂದರೆಗಳು ಬಹಳ ತಡವಾಗಿ ಪತ್ತೆಯಾಗುತ್ತವೆ.

ಪರೀಕ್ಷೆಗೆ ಓದುತ್ತಿರುವ ಆರೋಗ್ಯವಂತ ಯುವಕನೋ ಯುವತಿಯೋ ಜಿನ್ಸೆಂಗ್ ಸೇವಿಸಿ ಫಲ ಕಾಣದಿದ್ದರೆ ಹೋಗುವುದು ಹಣ ಮಾತ್ರ. ವಯಸ್ಸಾದವರೊಬ್ಬರು ಇತ್ತೀಚೆಗೆ ಹೆಚ್ಚು ಮರೆಯುತ್ತಿದ್ದಾರೆಂದು ಮನೆಯವರು ಗುಳಿಗೆ ತಂದುಕೊಟ್ಟು ಫಲಕ್ಕಾಗಿ ತಿಂಗಳುಗಟ್ಟಲೆ ಕಾಯುವುದು ಹಾಗಲ್ಲ. ಈ ಲೇಖನ ಬರೆಯಲು ಮುಖ್ಯ ಕಾರಣ ಅಂಥ ಮನೆಗಳೇ. ಬಿ12 ವಿಟಮಿನ್ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಖಿನ್ನತೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಕೇಳಿಸುವಿಕೆಯ ದೋಷ ಇವೆಲ್ಲ ಮರೆವಿನ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ನಿದ್ರೆ ಮಾತ್ರೆಗಳು, ಅಲರ್ಜಿಗೆ ಕೊಡುವ ಹಳೆಯ ತಲೆಮಾರಿನ ಔಷಧಗಳು, ಮೂತ್ರಕೋಶದ ಅತಿ ಚಟುವಟಿಕೆಗೆ ಕೊಡುವ ಕೆಲವು ಮಾತ್ರೆಗಳು ಅಸಿಟೈಲ್‌ಕೋಲಿನ್‌ನ ಕೆಲಸಕ್ಕೆ ಅಡ್ಡಬಂದೋ ಮಿದುಳನ್ನು ಮಂಪರುಗೊಳಿಸಿಯೋ ನೆನಪನ್ನು ಮಸುಕಾಗಿಸುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಸರಳ ರಕ್ತಪರೀಕ್ಷೆಯಿಂದ, ಈಗಾಗಲೇ ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದರಿಂದ, ಕಿವಿ ಮತ್ತು ನಿದ್ರೆಯ ತಪಾಸಣೆಯಿಂದ ಪತ್ತೆಹಚ್ಚಬಹುದು. ಹಲವನ್ನು ಚಿಕಿತ್ಸೆಯಿಂದ ಸರಿಪಡಿಸಲೂಬಹುದು. ಬಿ12 ಕೊರತೆಯಿಂದ ನರಗಳಿಗಾಗುವ ಹಾನಿ ಬಹಳ ಕಾಲ ಹಾಗೆಯೇ ಉಳಿದರೆ ಶಾಶ್ವತವಾಗುವ ಸಾಧ್ಯತೆ ಇರುವುದರಿಂದ, ಹೊಸದಾಗಿ ಕಾಣಿಸಿಕೊಂಡ ಮರೆವಿಗೆ ಮೊದಲು ಆಗಬೇಕಾದದ್ದು ಈ ತಪಾಸಣೆ.